ಸಾರ್, ನಾನಿವತ್ತು ಲೇಟಾಗಿ ಬಂದಿಲ್ಲ...

ಇದು ಬೈಗುಳದ ಬರಹ. ಬೈಸಿಕೊಳ್ಳುವವರು ಮಾತ್ರ ಬೇರೆ ಯಾರೂ ಅಲ್ಲ, ನಾವೇ. ಗಡಿಯ ಈಚೆ ಕನ್ನಡ ಮಾಧ್ಯಮದಲ್ಲಿ ಪಾಠ ಮಾಡುವ ಮೇಷ್ಟ್ರುಗಳು, ಮೇಡಮ್ಮುಗಳು. ಸರ್ಕಾರವನ್ನು ಬೈಯುವುದು ನಮಗೆ ಚೆನ್ನಾಗಿಯೇ ಬರುತ್ತದೆ. ಪುಸ್ತಕ ತಡವಾಯ್ತು, ಹುದ್ದೆ ಖಾಲಿ ಬಿತ್ತು, ಸುತ್ತೋಲೆಯೆಲ್ಲ ತೆಲುಗಿನಲ್ಲೇ ಬಂತು ಅಂತ ಬೈದಿದ್ದೇವೆ, ಮುಂದೆಯೂ ಬೈಯುತ್ತೇವೆ. ಈ ಸಲದ್ದು ಅದಲ್ಲ. ಯಾವ ಸುತ್ತೋಲೆಯೂ ಬರದೆ, ಯಾರೂ ಹೇಳಿಕೊಡದೆ, ನಮ್ಮಷ್ಟಕ್ಕೆ ನಾವೇ ವರ್ಷಗಟ್ಟಲೆ ಮಾಡಿಕೊಂಡು ಬಂದ ಒಂದು ಕೆಲಸದ ವಿಷಯ.

ಕೆಲವು ವರ್ಷದ ಹಿಂದಿನ ಮಾತು. ರೊದ್ದಂ ಕಡೆಯ ನಮ್ಮ ಶಾಲೆಗೆ ಪೆನ್ನೆಯ ಆಚೆಯಿಂದ ಏಳನೇ ತರಗತಿಯ ಒಬ್ಬ ಹುಡುಗ ಬರುತ್ತಿದ್ದ. ಬೆಳಿಗ್ಗೆ ಎರಡು ಹಸುವಿನ ಹಾಲು ಕರೆದು, ಡೇರಿಗೆ ಹಾಕಿ, ಆಮೇಲೆ ಮರಳಿನಲ್ಲಿ ನಡೆದು ಬರಬೇಕು. ವಾರಕ್ಕೆ ಮೂರು ದಿನ ತಡ. ಪ್ರಾರ್ಥನೆ ಮುಗಿದ ಮೇಲೆ ಬಂದವರಿಗೆ ನಮ್ಮಲ್ಲಿ ಒಂದೇ ಕಾನೂನು: ಬ್ಯಾಗು ಬೆನ್ನ ಮೇಲೇ ಇರಲಿ, ಬಯಲಿಗೆ ಐದು ಸುತ್ತು. ಹುಡುಗ ಯಾವತ್ತೂ ಎದುರಾಡಲಿಲ್ಲ. ನೆವ ಹೇಳಲಿಲ್ಲ. ಓಡುತ್ತಿದ್ದ. ಹುಣಿಸೇಮರದ ಕೆಳಗೆ ನಿಂತು ನಾವು ನೋಡುತ್ತಿದ್ದೆವು. ಏನು ಓಟ ಅಂತೀರಿ! ಹೆಜ್ಜೆ ನೆಲಕ್ಕೆ ತಾಗಿದ ಸದ್ದೇ ಇಲ್ಲ. ‘ಇವನನ್ನ ಮಂಡಲ ಆಟಕ್ಕೆ ಕಳಿಸಬೇಕು ಕಣ್ರೀ’ ಎಂದು ನಮ್ಮನಮ್ಮಲ್ಲೇ ಮಾತಾಡಿಕೊಂಡೆವು. ಶಿಕ್ಷೆ ಕೊಡುತ್ತಲೇ ಮೆಚ್ಚಿಕೊಂಡೆವು. ಅದರಲ್ಲೊಂದು ವಿಚಿತ್ರ ಇದೆ ಅಂತ ನಮಗೆ ಯಾರಿಗೂ ಹೊಳೆಯಲಿಲ್ಲ.

ಮಂಡಲ ಮಟ್ಟದ ಆಟಗಳಿಗೆ ಆಯ್ಕೆಯ ದಿನ ಬಂತು. 400 ಮೀಟರಿಗೆ ಮೊದಲು ಕರೆದದ್ದೇ ಅವನನ್ನು. ಬಂದು ಗೆರೆಯ ಹತ್ತಿರ ನಿಂತ. ಓಡು ಅಂದೆವು. ನಮ್ಮ ಮುಖ ನೋಡಿದ.

‘ಸಾರ್, ನಾನಿವತ್ತು ಲೇಟಾಗಿ ಬಂದಿಲ್ಲ...’

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ನಾವೂ ನಕ್ಕೆವು. ಅವನು ತಮಾಷೆ ಮಾಡಿರಲಿಲ್ಲ.

ಆಮೇಲೆ ಓಡಿದ ಅನ್ನಿ. ಹೇಳಿದ್ದಕ್ಕೆ ಓಡಿದ. ಮಂಡಲ ಆಟಕ್ಕೂ ಬಂದ, ನಾಲ್ಕನೆಯವನಾಗಿ ಮುಗಿಸಿ ನೀರು ಕುಡಿದು ಮೂಲೆಯಲ್ಲಿ ಕೂತ. ಹತ್ತನೇ ತರಗತಿಯ ನಂತರ ಓಡಿದ್ದು ಕಾಣಲಿಲ್ಲ. ಈಗ ಪೆನುಕೊಂಡದ ಕಡೆ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ಒಂದು ಸಲ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದ, ಚೆನ್ನಾಗಿಯೇ ಮಾತಾಡಿಸಿದ. ಓಟದ ಮಾತು ಅವನೂ ಎತ್ತಲಿಲ್ಲ, ನಮಗೂ ಎತ್ತುವ ಧೈರ್ಯ ಬರಲಿಲ್ಲ.

ನಾವು ಹೇಳಹೊರಟಿರುವುದು ಇಷ್ಟೇ. ಶಾಲೆಯಲ್ಲಿ ಓಟ, ಬಸ್ಕಿ, ಕಪ್ಪೆಜಿಗಿತಗಳನ್ನು ದಂಡವಾಗಿ ಕೊಡುತ್ತೇವೆ. ಆಟದ ಪೀರಿಯಡ್ಡನ್ನು ಗಣಿತಕ್ಕೆ ಕಿತ್ತುಕೊಳ್ಳುತ್ತೇವೆ. ಎರಡನ್ನೂ ಮಾಡಿ, ‘ಈಗಿನ ಮಕ್ಕಳಿಗೆ ಆಟದಲ್ಲಿ ಆಸಕ್ತಿಯೇ ಇಲ್ಲ ಸ್ವಾಮಿ, ಬರೀ ಮೊಬೈಲು’ ಎಂದು ಪೋಷಕರ ಸಭೆಯಲ್ಲಿ ಭಾಷಣ ಮಾಡುತ್ತೇವೆ. ಮೈ ಆಡಿಸುವುದೆಂದರೆ ತಪ್ಪಿಗೆ ತೆರುವ ದಂಡ ಎಂದು ಮಕ್ಕಳಿಗೆ ಕಲಿಸಿದವರು ನಾವು. ಮೊಬೈಲು ಆಮೇಲೆ ಬಂತು.

ಬಸ್ಕಿಗೆ ನಮ್ಮ ಸೀಮೆಯ ತೆಲುಗಿನವರು ಗುಂಜೀಲು ಅನ್ನುತ್ತಾರೆ. ಭಾಷೆ ಯಾವುದಾದರೇನು, ಕಿವಿ ಹಿಡಿದುಕೊಂಡೇ ಮಾಡಬೇಕು. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಕಲಂ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಅದು ಬಂದ ಮೇಲೆ ಬೆತ್ತವನ್ನು ಬೀರುವಿನ ಮೇಲಿಟ್ಟೆವು, ಬೆತ್ತದ ಜಾಗಕ್ಕೆ ಬಸ್ಕಿ ಬಂದು ಕೂತಿತು. ‘ಹೊಡೆದಿಲ್ಲವಲ್ಲ, ವ್ಯಾಯಾಮ ಮಾಡಿಸಿದ್ದೇವೆ’ ಅನ್ನುವ ಜಾಣತನ ನಮ್ಮದು. ಇದೇ ರಾಜ್ಯದ ರಂಪಚೋಡವರಂನಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ವಸತಿ ಕಾಲೇಜೊಂದರ ಹತ್ತಿರ ಹತ್ತಿರ 50 ಹೆಣ್ಣುಮಕ್ಕಳು ನೂರಾರು ಗುಂಜೀಲು ತೆಗೆದು, ಕಾಲು ಎತ್ತಿಡಲಾಗದೆ ಆಸ್ಪತ್ರೆ ಸೇರಿದರು. ಪತ್ರಿಕೆಯಲ್ಲಿ ಓದಿ ‘ಅಯ್ಯೋ’ ಅಂದೆವು. ಮರುದಿನ ನಮ್ಮ ತರಗತಿಗಳಲ್ಲಿ ಲೆಕ್ಕ ನಿಂತಿತೇ? ಇಲ್ಲ, ಇಪ್ಪತ್ತಕ್ಕೆ ಇಳಿಯಿತು.

2025ರ ಮಾರ್ಚಿನಲ್ಲಿ ಇನ್ನೊಂದು ಸುದ್ದಿ ಮೊಬೈಲಿನಿಂದ ಮೊಬೈಲಿಗೆ ಹಾರಿದ್ದು ನಿಮಗೆ ನೆನಪಿರಬಹುದು. ವಿಜಯನಗರಂ ಜಿಲ್ಲೆಯ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರೊಬ್ಬರು, ಮಕ್ಕಳ ಓದು ಹಿಂದೆ ಬಿದ್ದಿದೆಯೆಂದು ಅವರನ್ನು ದಂಡಿಸದೆ, ಮಕ್ಕಳೆದುರು ತಾವೇ ಕಿವಿ ಹಿಡಿದು ಗುಂಜೀಲು ತೆಗೆದರು. ಶಿಕ್ಷಣ ಮಂತ್ರಿಗಳೂ ಹೊಗಳಿದರು. ಆ ಮೇಷ್ಟ್ರ ಮನಸ್ಸು ದೊಡ್ಡದು, ಅದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಒಂದು ತಕರಾರಿದೆ, ಹೇಳಿಬಿಡುತ್ತೇವೆ. ಯಾರು ಹೊಡೆದರೂ ಬಸ್ಕಿ ದಂಡವಾಗಿಯೇ ಉಳಿಯಿತಲ್ಲ! ಮೊಣಕಾಲು ಮಡಚಿ ಎದ್ದೇಳುವುದು ಅವಮಾನದ ಕೆಲಸ ಎಂಬ ಪಾಠ ಇನ್ನಷ್ಟು ಗಟ್ಟಿಯಾಗಲಿಲ್ಲವೇ?

ಇಲ್ಲಿ ಒಬ್ಬ ಹಿರಿಯ ಸಹೋದ್ಯೋಗಿ ಯಾವಾಗಲೂ ಅಡ್ಡ ಬರುತ್ತಾರೆ. ‘ಬಸ್ಕಿಯಿಂದ ಬುದ್ಧಿ ಚುರುಕಾಗುತ್ತೆ, ಹರಿಯಾಣದಲ್ಲಿ ಪಾಠಕ್ಕೇ ಸೇರಿಸಿದಾರೆ’ ಅಂತ. ನಿಜ, 2019ರಲ್ಲಿ ಹರಿಯಾಣದ ಶಾಲಾ ಶಿಕ್ಷಣ ಮಂಡಳಿ ‘ಸೂಪರ್ ಬ್ರೇನ್ ಯೋಗ’ ಎಂಬ ಹೆಸರಿನಲ್ಲಿ ಕಿವಿ ಹಿಡಿದ ಬಸ್ಕಿಯನ್ನು ತರಲು ಹೊರಟಿತ್ತು. ಬುದ್ಧಿ ಚುರುಕಾಗುತ್ತದೋ ಇಲ್ಲವೋ ಎಂಬ ವಾದಕ್ಕೆ ನಾವು ಇಳಿಯುವುದಿಲ್ಲ. ಒಂದು ಮಾತು ಕೇಳುತ್ತೇವೆ. ಚೌತಿಯ ದಿನ ನಿಮ್ಮ ಮನೆಯ ಅಜ್ಜಿ ಗಣಪತಿಯ ಮುಂದೆ ಕಿವಿ ಹಿಡಿದು ಬಸ್ಕಿ ಹಾಕುವುದಿಲ್ಲವೇ? ಮಕ್ಕಳು ಅಜ್ಜಿಯ ಪಕ್ಕ ನಿಂತು, ನಗುತ್ತ, ಲೆಕ್ಕ ತಪ್ಪಿಸುತ್ತ, ಇನ್ನೆರಡು ಜಾಸ್ತಿಯೇ ಹಾಕುತ್ತಾರೆ. ಅದೂ ಬಸ್ಕಿ, ಇದೂ ಬಸ್ಕಿ. ಮಡಚುವ ಮೊಣಕಾಲು ಅದೇ. ಅಲ್ಲಿ ಮಗು ತಾನಾಗಿ ಹಾಕುತ್ತದೆ, ಎಲ್ಲರೊಟ್ಟಿಗೆ ಹಾಕುತ್ತದೆ, ನಿಲ್ಲಿಸಬೇಕೆನಿಸಿದಾಗ ನಿಲ್ಲಿಸುತ್ತದೆ. ಇಲ್ಲಿ ನಲವತ್ತು ಕಣ್ಣು ನೋಡುತ್ತಿರುವಾಗ ಒಂಟಿಯಾಗಿ ಹಾಕುತ್ತದೆ, ನಾವು ಸಾಕು ಅನ್ನುವ ತನಕ ಹಾಕುತ್ತದೆ.

ಈ ವ್ಯತ್ಯಾಸವನ್ನು ಹಿಡಿದೇ ಒಂದು ಶಾಸ್ತ್ರ ಬೆಳೆದಿದೆ ಸ್ವಾಮಿ. ಕ್ರೀಡೆ ಮತ್ತು ವ್ಯಾಯಾಮದ ಮನಃಶಾಸ್ತ್ರ ಅಂತ. ನಾವು ಬಿ.ಎಡ್. ಮಾಡುವಾಗ ಪಾವ್ಲೋವನ ನಾಯಿಯನ್ನು ಬಾಯಿಪಾಠ ಮಾಡಿದ್ದೇವೆ. ಗಂಟೆಯ ಜೊತೆಗೆ ಊಟ ಕೊಟ್ಟರೆ, ಆಮೇಲೆ ಗಂಟೆ ಕೇಳಿದರೇ ಜೊಲ್ಲು. ಹತ್ತು ಅಂಕದ ಪ್ರಶ್ನೆ, ಚಿತ್ರ ಬರೆದರೆ ಪೂರ್ತಿ ಅಂಕ. ಓಟದ ಜೊತೆಗೆ ಅವಮಾನ ಕೊಟ್ಟರೆ ಓಟದ ಗೆರೆ ಕಂಡಾಗ ಹುಡುಗನಿಗೆ ಏನು ನೆನಪಾಗಬೇಕು ಎಂಬ ಪ್ರಶ್ನೆ ಮಾತ್ರ ನಮ್ಮ ಪತ್ರಿಕೆಯಲ್ಲಿ ಬರಲಿಲ್ಲ. ಅಮೆರಿಕದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬಿಬ್ಬರು ಮನಃಶಾಸ್ತ್ರಜ್ಞರು, ಒಂದು ಕೆಲಸ ಒಳಗಿನಿಂದ ಇಷ್ಟವಾಗಬೇಕಾದರೆ ಮನಸ್ಸಿಗೆ ಮೂರು ಬೇಕು ಅನ್ನುತ್ತಾರೆ. ನಾನಾಗಿ ಮಾಡುತ್ತಿದ್ದೇನೆ ಅನಿಸಬೇಕು, ನನಗೆ ಬರುತ್ತದೆ ಅನಿಸಬೇಕು, ನನ್ನವರ ಜೊತೆ ಇದ್ದೇನೆ ಅನಿಸಬೇಕು. ಅಜ್ಜಿಯ ಬಸ್ಕಿಯಲ್ಲಿ ಮೂರೂ ಇವೆ. ನಮ್ಮದರಲ್ಲಿ ಒಂದೂ ಇಲ್ಲ.

ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದವರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 18ರಿಂದ 40 ವರ್ಷದ ಸಾವಿರಕ್ಕೂ ಹೆಚ್ಚು ಜನರನ್ನು, ಶಾಲೆಯಲ್ಲಿ ನಿಮ್ಮ ಆಟದ ತರಗತಿ ಹೇಗಿತ್ತು, ಅತಿ ಒಳ್ಳೆಯ ನೆನಪು ಯಾವುದು, ಅತಿ ಕೆಟ್ಟ ನೆನಪು ಯಾವುದು ಅಂತ ಕೇಳಿದರು. ಎಲ್ಲರೆದುರು ಅವಮಾನವಾದದ್ದು, ತಂಡ ಆರಿಸುವಾಗ ಕೊನೆಗೆ ಉಳಿದದ್ದು, ಇಂಥವೇ ಬಂದವು. ‘ತರಗತಿ ಮುಗಿದದ್ದೇ ನನ್ನ ಒಳ್ಳೆಯ ನೆನಪು’ ಎಂದವರೂ ಇದ್ದರಂತೆ. ಶಾಲೆಯ ಆಟದ ನೆನಪು ಕಹಿಯಾದವರು ದೊಡ್ಡವರಾದ ಮೇಲೂ ವ್ಯಾಯಾಮದ ಬಗ್ಗೆ ಮುಖ ತಿರುಗಿಸುತ್ತಿದ್ದರು, ರಜೆಯ ದಿನ ಹೆಚ್ಚು ಹೊತ್ತು ಕೂತೇ ಕಳೆಯುತ್ತಿದ್ದರು. ಇದರಿಂದ ಅದೇ ಕಾರಣ ಅಂತ ಸಾಬೀತಾಗುವುದಿಲ್ಲ, ಅದು ನಮಗೂ ಗೊತ್ತು. ಆದರೆ ನಮ್ಮ ಹುಡುಗನನ್ನು ನೋಡಿದವರಿಗೆ ಇದನ್ನು ಓದಿ ಸುಮ್ಮನೆ ಪುಟ ತಿರುಗಿಸಲಾಗುವುದಿಲ್ಲ. ಆ ದೇಶದ ದೈಹಿಕ ಶಿಕ್ಷಣ ಅಧ್ಯಾಪಕರ ರಾಷ್ಟ್ರೀಯ ಸಂಘ, ವ್ಯಾಯಾಮವನ್ನು ಶಿಕ್ಷೆಯಾಗಿ ಕೊಡಬಾರದು, ಶಿಕ್ಷೆಯಾಗಿ ಆಟವನ್ನು ಕಿತ್ತುಕೊಳ್ಳಲೂಬಾರದು ಅಂತ 2009ರಲ್ಲೇ ಹೇಳಿದೆ.

ಎರಡನೆಯದು ಕೇಳಿಸಿತೇ? ಕಿತ್ತುಕೊಳ್ಳಲೂಬಾರದು. ಅದರಲ್ಲಂತೂ ನಾವು ಪಳಗಿದ ಕಳ್ಳರು.

ವೇಳಾಪಟ್ಟಿಯಲ್ಲಿ ಕೊನೆಯ ಪೀರಿಯಡ್ಡು ‘ಆಟ’ ಅಂತ ಅಂದವಾಗಿ ಬರೆದಿರುತ್ತೇವೆ, ಬಣ್ಣದ ಸ್ಕೆಚ್ ಪೆನ್ನಿನಲ್ಲಿ. ಜೂನ್ ತಿಂಗಳಲ್ಲಿ ಅದು ಆಟವೇ. ಆಗಸ್ಟ್ ಹೊತ್ತಿಗೆ ವಾರಕ್ಕೊಂದು ಗಣಿತ ನುಗ್ಗುತ್ತದೆ. ದೀಪಾವಳಿ ಕಳೆದ ಮೇಲೆ ಪೂರ್ತಿ ಗಣಿತ, ಇಂಗ್ಲಿಷು. ಹತ್ತನೇ ತರಗತಿಗಂತೂ ಚೆಂಡು ಅಂದರೆ ರಸಾಯನಶಾಸ್ತ್ರದ ಅಣುವಿನ ಚಿತ್ರ ಮಾತ್ರ. ಇದಕ್ಕೆ ನಮ್ಮ ಹತ್ತಿರ ಒಂದು ಕಾರಣವಿದೆ, ಅದು ಸುಳ್ಳೂ ಅಲ್ಲ. ನಮ್ಮದು ಕನ್ನಡ ಮಾಧ್ಯಮ. ಮಡಕಶಿರಾ, ಅಮರಾಪುರಂ, ಅಗಳಿ, ರೊಳ್ಳ ಕಡೆಯ ಮೇಷ್ಟ್ರುಗಳನ್ನು ಕೇಳಿ ನೋಡಿ, ಎಲ್ಲರ ಎದೆಯಲ್ಲೂ ಒಂದೇ ಹೆದರಿಕೆ. ಫಲಿತಾಂಶ ಎರಡು ಅಂಕ ಬಿದ್ದರೆ ಮಕ್ಕಳು ಇಂಗ್ಲಿಷ್ ಶಾಲೆಯ ಬಸ್ಸು ಹತ್ತುತ್ತಾರೆ, ಸಂಖ್ಯೆ ಇಳಿಯುತ್ತದೆ, ಪಕ್ಕದ ಶಾಲೆಗೆ ವಿಲೀನ ಅನ್ನುತ್ತಾರೆ, ಕನ್ನಡದ ಕೋಣೆಗೆ ಬೀಗ ಬೀಳುತ್ತದೆ. ಈ ಹೆದರಿಕೆಯಲ್ಲಿ ಮೊದಲು ಬಲಿ ಕೊಡಲು ಕೈಗೆ ಸಿಕ್ಕುವುದು ಆಟ. ಯಾಕಂದರೆ ಅದಕ್ಕೆ ಪರೀಕ್ಷೆ ಇಲ್ಲ, ಕೇಳುವವರೂ ಇಲ್ಲ.

ಆದರೆ ಆ ಬಲಿಯಿಂದ ದೇವರು ಒಲಿಯುತ್ತಾನೆಯೇ ಅನ್ನುವುದನ್ನೂ ನೋಡಬೇಕಲ್ಲ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಹಿಲ್‌ಮನ್ ಮತ್ತು ಸಂಗಡಿಗರು 2009ರಲ್ಲಿ ಒಂಬತ್ತು-ಹತ್ತು ವರ್ಷದ ಮಕ್ಕಳನ್ನು ಒಂದು ದಿನ ಸುಮ್ಮನೆ ಕೂರಿಸಿ, ಇನ್ನೊಂದು ದಿನ 20 ನಿಮಿಷ ಬಿರುಸಾಗಿ ನಡೆಸಿ ಪರೀಕ್ಷೆ ಕೊಟ್ಟರು. ನಡೆದ ದಿನ ಗಮನದ ಪರೀಕ್ಷೆಯಲ್ಲಿ ತಪ್ಪು ಕಡಿಮೆ, ಓದಿ ಅರ್ಥ ಮಾಡಿಕೊಳ್ಳುವುದರಲ್ಲಿ ಅಂಕ ಹೆಚ್ಚು. ಇಪ್ಪತ್ತೇ ಮಕ್ಕಳ ಸಣ್ಣ ಪ್ರಯೋಗ ಅದು, ಅದನ್ನೇ ವೇದ ಅನ್ನುವುದಿಲ್ಲ. (ಅಂದ ಹಾಗೆ, ಕೋಲ್‌ಮನ್ ಗ್ರಿಫಿತ್ ಎಂಬಾತ 1925ರಲ್ಲಿ ಅಮೆರಿಕದ ಮೊದಮೊದಲ ಕ್ರೀಡಾ ಮನಃಶಾಸ್ತ್ರ ಪ್ರಯೋಗಾಲಯ ತೆರೆದದ್ದೂ ಇದೇ ವಿಶ್ವವಿದ್ಯಾಲಯದಲ್ಲಿ.) ಪ್ರಯೋಗ ಬಿಡಿ, ನಾಲ್ಕನೇ ಪೀರಿಯಡ್ಡಿನಲ್ಲಿ ಅನ್ನ ಉಂಡು ಕೂತ ಮಕ್ಕಳಿಗೆ ಗಣಿತ ಹೇಳಿದ ಯಾವ ಮೇಷ್ಟ್ರಿಗೂ ಇದು ಹೊಸ ಸುದ್ದಿಯಲ್ಲ.

‘ನಮಗೆ ಪಿ.ಇ.ಟಿ. ಮೇಷ್ಟ್ರೇ ಇಲ್ಲವಲ್ಲ’ ಅನ್ನುವವರಿಗೆ: ಹೌದು, ಇಲ್ಲ, ಬರುವ ಲಕ್ಷಣವೂ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ತೆಗೆದು ಓದಿ. ಎಲ್ಲ ಶಾಲೆಗೂ ಆಟದ ಬಯಲು ಇರಬೇಕು ಅಂತ ಇದೆ. ಆಟ ಕಲಿಸುವ ಅರೆಕಾಲಿಕ ಬೋಧಕರು ಮಾತ್ರ 6ರಿಂದ 8ನೇ ತರಗತಿಗೆ, ಅದೂ ಮಕ್ಕಳು ನೂರಕ್ಕಿಂತ ಹೆಚ್ಚಿದ್ದಲ್ಲಿ. ಐದನೇ ತರಗತಿಯವರೆಗೆ ಆ ಮಾತೇ ಇಲ್ಲ. ಗಡಿಯ ಸಣ್ಣ ಸಣ್ಣ ಕನ್ನಡ ಶಾಲೆಗಳಲ್ಲಿ ನೂರು ಮಕ್ಕಳನ್ನು ಎಲ್ಲಿಂದ ತರೋಣ? ಕಾನೂನು ನಮಗೆ ಬಯಲು ಕೊಟ್ಟಿತು, ಮೇಷ್ಟ್ರನ್ನು ಕೊಡಲಿಲ್ಲ. ಇದನ್ನು ಬದಲಿಸಿ ಅಂತ ಅರ್ಜಿ ಹಾಕೋಣ, ನಾವೂ ಸಹಿ ಹಾಕುತ್ತೇವೆ. ಆದರೆ ಮಕ್ಕಳನ್ನು ಬಯಲಿಗೆ ಬಿಡಲು ಯಾವ ಬೋಧಕ ಬೇಕು? ಬಿಡಿ, ಸಾಕು. ಅವರಿಗೆ ಬರುತ್ತದೆ.

ಬರುತ್ತದೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಭಾನುವಾರ ಸಂಜೆ ಪೆನ್ನೆಯ ಮರಳಿಗೆ ಹೋಗಿ ನೋಡಿ. ನಮ್ಮ ಮಕ್ಕಳು ಲಗೋರಿ ಅನ್ನುತ್ತಾರೆ, ಪಕ್ಕದ ತೆಲುಗು ಮಾಧ್ಯಮದ ಮಕ್ಕಳು ಏಡು ಪೆಂಕುಲಾಟ ಅನ್ನುತ್ತಾರೆ, ಆಡುವುದು ಮಾತ್ರ ಒಟ್ಟಿಗೇ. ಮರಕೋತಿ ಅವರಿಗೆ ಕೋತಿ ಕೊಮ್ಮಚ್ಚಿ. ಕುಂಟೆಬಿಲ್ಲೆ ಅವರಿಗೆ ತೊಕ್ಕುಡು ಬಿಳ್ಳ. ಚಿಕ್ಕವನೊಬ್ಬ ಬಂದರೆ ಅವನನ್ನು ಲೆಕ್ಕಕ್ಕಿಲ್ಲದ ಆಟಗಾರನಾಗಿ ಸೇರಿಸಿಕೊಳ್ಳುತ್ತಾರೆ, ಔಟಾದರೂ ಔಟಿಲ್ಲ. ಒಂದು ಕಡೆ ಜೋರಾದರೆ ತಾವೇ ನಿಲ್ಲಿಸಿ ಆಳು ಬದಲಿಸಿಕೊಳ್ಳುತ್ತಾರೆ. ನಿಯಮದ ಮೇಲೆ ಅರ್ಧ ಗಂಟೆ ಜಗಳ, ಎರಡು ಭಾಷೆಯಲ್ಲಿ. ಡೆಸಿ-ರಯಾನ್ ಅವರ ಮೂರೂ ಬೇಕುಗಳು ಅಲ್ಲಿ ಮರಳಿನ ಮೇಲೆ ಬಿದ್ದಿರುತ್ತವೆ. ಸೋಮವಾರ ಅದೇ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ‘ಸಾವಧಾನ್, ವಿಶ್ರಾಮ್’ ಅನ್ನುತ್ತೇವೆ. ನಮ್ಮಲ್ಲಿ ಆಟ ಅಂದರೆ ಅಷ್ಟೇ. ಜೂನ್ 21ರ ಯೋಗ ದಿನದ್ದೂ ಇದೇ ಕಥೆ. ಫೋಟೋ ತೆಗೆದು ಕಳಿಸುವ ತನಕ ಮಕ್ಕಳು ಬಿಸಿಲಿನಲ್ಲಿ ಕೈ ಎತ್ತಿಕೊಂಡೇ ಇರಬೇಕು.

‘ಹಳ್ಳಿ ಮಕ್ಕಳಿಗೆ ವ್ಯಾಯಾಮ ಯಾಕೆ, ಹೊಲದಲ್ಲಿ ದುಡಿಯೋದಿಲ್ಲವಾ’ ಅಂತ ಪೋಷಕರೇ ಕೇಳುವುದುಂಟು. ಸರಿಯಾದ ಪ್ರಶ್ನೆ. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನೀರು ಹೊತ್ತು, ಶೇಂಗಾ ಕಿತ್ತು, ಹಸು ಕಾದು ಬರುವ ನಮ್ಮ ಎಷ್ಟೋ ಮಕ್ಕಳಿಗೆ ಆ ಲೆಕ್ಕ ಶಾಲೆಗೆ ಬರುವ ಮೊದಲೇ ಮುಗಿದಿರುತ್ತದೆ. ಅವರಿಗೆ ದಣಿವು ಬೇಕಾಗಿಲ್ಲ. ಯಾರೂ ಹೇಳದೆ, ಯಾರಿಗೂ ದುಡಿಯದೆ, ತನಗಾಗಿ ಮೈ ಆಡಿಸುವ ಒಂದು ಗಂಟೆ ಬೇಕು. ಅಂಥ ಗಂಟೆ ಕೊಡಬಹುದಾದ ಜಾಗ ಊರಿನಲ್ಲಿ ಒಂದೇ, ಶಾಲೆ. ಅದರಲ್ಲೂ ಹೆಣ್ಣುಮಕ್ಕಳಿಗೆ.

ಹೆಣ್ಣುಮಕ್ಕಳ ವಿಷಯ ಬಂತಲ್ಲ. ಐದನೇ ತರಗತಿಯವರೆಗೆ ಬಯಲೆಲ್ಲ ಅವರದೇ. ಏಳನೆಯದರಲ್ಲಿ ಒಬ್ಬೊಬ್ಬರಾಗಿ ಕಟ್ಟೆಯ ಮೇಲೆ ಕೂರತೊಡಗುತ್ತಾರೆ. ಎಂಟನೆಯದಕ್ಕೆ ಸ್ಕೋರು ಬರೆಯುವ ಕೆಲಸ, ನೀರು ತರುವ ಕೆಲಸ. ‘ಅವರಿಗೇ ಇಷ್ಟ ಇಲ್ಲ’ ಅನ್ನುತ್ತೇವೆ. ದುಪಟ್ಟಾ ಪಿನ್ನು ಹಾಕಿಕೊಂಡು, ಬೇಲಿಯಿಲ್ಲದ ಬಯಲಿನಲ್ಲಿ, ರಸ್ತೆಯಲ್ಲಿ ಬೈಕು ನಿಲ್ಲಿಸಿ ನೋಡುವವರ ಮುಂದೆ ಓಡು ಅಂದರೆ ಯಾರಿಗೆ ಇಷ್ಟವಾಗುತ್ತದೆ? ರಾಬರ್ಟ್ ಜಾಯಾಂಕ್ ಎಂಬ ಮನಃಶಾಸ್ತ್ರಜ್ಞ 1965ರಲ್ಲೇ ಬರೆದಿದ್ದಾನೆ. ನೋಡುವವರಿದ್ದರೆ ಚೆನ್ನಾಗಿ ರೂಢಿಯಾದದ್ದು ಇನ್ನೂ ಚೆನ್ನಾಗಿ ಬರುತ್ತದೆ, ಇನ್ನೂ ಕಲಿಯುತ್ತಿರುವುದು ಕೆಡುತ್ತದೆ. ಕಲಿಯಲು ಮರೆ ಬೇಕು. ನಾವು ಮಾಡುವುದು ತಿರುಗಾಮುರುಗಾ: ಕಲಿಯುವಾಗ ಎಲ್ಲರೆದುರು ನಿಲ್ಲಿಸುತ್ತೇವೆ, ಕಲಿತ ಮೇಲೆ ಮನೆಗೆ ಕಳಿಸುತ್ತೇವೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ನಡೆದು, ನಮ್ಮ ದೇಶದ ಹೆಣ್ಣುಮಕ್ಕಳು ಫೈನಲ್‌ನಲ್ಲಿ ನೇಪಾಳವನ್ನು 78-40ರಿಂದ ಸೋಲಿಸಿದರು. ಆ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಚೈತ್ರಾ ಇದ್ದರು. ನಮ್ಮ ಎಂಟನೆಯ ಹುಡುಗಿಯರು ಆ ಸುದ್ದಿಯನ್ನು ಫಲಕದಲ್ಲಿ ಮುದ್ದಾಗಿ ಬರೆದರು. ಕಟ್ಟೆಯ ಮೇಲೆ ಕೂತುಕೊಂಡು.

ಇನ್ನು ಬಹುಮಾನ. ಆಗಸ್ಟ್ 15ಕ್ಕೆ ಸ್ಟೀಲ್ ಲೋಟ, ಜನವರಿ 26ಕ್ಕೆ ಸ್ಟೀಲ್ ತಟ್ಟೆ. ಕೊಡಬೇಡಿ ಅನ್ನುವುದಿಲ್ಲ, ತಾಯಂದಿರಿಗೂ ಖುಷಿ. ಆದರೆ ‘ಗೆದ್ದರೆ ಲೋಟ’ ಅಂತ ಮೊದಲೇ ಆಸೆ ಹಚ್ಚುವುದಿದೆಯಲ್ಲ, ಅದರ ಬಗ್ಗೆ 1973ರ ಒಂದು ಪ್ರಯೋಗ ನೆನಪಿಡುವಂಥದ್ದು. ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು, ಚಿತ್ರ ಬರೆಯುವುದೆಂದರೆ ಪ್ರಾಣ ಬಿಡುವ ಶಿಶುವಿಹಾರದ ಮಕ್ಕಳನ್ನು ಆರಿಸಿದರು. ಕೆಲವರಿಗೆ ‘ಬರೆದರೆ ಚಿನ್ನದ ನಕ್ಷತ್ರದ ಪ್ರಮಾಣಪತ್ರ ಕೊಡ್ತೀವಿ’ ಎಂದರು, ಕೆಲವರಿಗೆ ಹೇಳದೆ ಕೊಟ್ಟರು, ಕೆಲವರಿಗೆ ಏನೂ ಇಲ್ಲ. ಒಂದೆರಡು ವಾರ ಬಿಟ್ಟು ನೋಡಿದರೆ, ಮೊದಲೇ ಆಸೆ ಹಚ್ಚಿಸಿಕೊಂಡ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆಯುತ್ತಿದ್ದರು. ಪ್ರಮಾಣಪತ್ರ ಇಲ್ಲ ಅಂದಮೇಲೆ ಯಾಕೆ ಬರೆಯಬೇಕು? ದಂಡ ಒಂದು ಕಡೆಯಿಂದ, ಲೋಟ ಇನ್ನೊಂದು ಕಡೆಯಿಂದ. ನಡುವೆ ಆಟವೇ ಮಾಯ. ದೊಡ್ಡ ಮಕ್ಕಳಿಗೆ ಲೋಟದ ಬದಲು ‘ಸ್ಪೋರ್ಟ್ಸ್ ಕೋಟಾ’ ಅನ್ನುತ್ತೇವೆ, ಅಷ್ಟೇ ವ್ಯತ್ಯಾಸ. ಕೋಟಾ ಸಿಗುವುದು ಸಾವಿರಕ್ಕೊಬ್ಬರಿಗೆ. ಮಿಕ್ಕವರು ಇನ್ನು ಆಡುವುದೇಕೆ ಅಂತ ಬೂಟು ಕಳಚಿಡುತ್ತಾರೆ.

ಸ್ಪರ್ಧೆ ಎಲ್ಲರನ್ನೂ ಹುರಿದುಂಬಿಸುತ್ತದೆ ಎಂಬ ನಂಬಿಕೆಯೂ ಹಳೆಯದು. ನಾರ್ಮನ್ ಟ್ರಿಪ್ಲೆಟ್ 1898ರಲ್ಲಿ 40 ಮಕ್ಕಳಿಗೆ ಮೀನಿನ ಗಾಳದ ರಾಟೆ ಸುತ್ತಿಸಿದ, ಒಂಟಿಯಾಗಿ ಒಮ್ಮೆ, ಜೋಡಿಯ ಪೈಪೋಟಿಯಲ್ಲಿ ಒಮ್ಮೆ. ಅರ್ಧದಷ್ಟು ಮಕ್ಕಳು ಪೈಪೋಟಿಯಲ್ಲಿ ಚುರುಕಾದರು. ಹತ್ತು ಮಂದಿಗೆ ಏನೂ ಆಗಲಿಲ್ಲ. ಇನ್ನು ಹತ್ತು ಮಂದಿ ಗಡಿಬಿಡಿಯಲ್ಲಿ ಮೊದಲಿಗಿಂತ ನಿಧಾನವಾದರು. ಕ್ರೀಡಾ ಮನಃಶಾಸ್ತ್ರದ ಮೊದಲ ಪ್ರಯೋಗ ಅಂತಲೇ ಇದನ್ನು ಹೇಳುತ್ತಾರೆ. ಆ ಕೊನೆಯ ಹತ್ತು ಮಂದಿಯನ್ನು ನಾವು ‘ದಡ್ಡ’ ಅನ್ನುವ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ.

ಕೊನೆಗೆ, ನಮ್ಮ ಕನ್ನಡದ ಮಕ್ಕಳಿಗೇ ಸೇರಿದ ಒಂದು ವಿಷಯ. ಮಂಡಲದ ಬಯಲಿನಲ್ಲಿ ಹೆಸರು ಕರೆಯುವುದು ತೆಲುಗಿನಲ್ಲಿ, ನಿಯಮ ಹೇಳುವುದು ತೆಲುಗಿನಲ್ಲಿ. ಅದು ದೊಡ್ಡ ತೊಡಕಲ್ಲ, ನಮ್ಮ ಮಕ್ಕಳಿಗೆ ತೆಲುಗು ನೀರು ಕುಡಿದಷ್ಟು ಸಲೀಸು. ತೊಡಕು ನಮ್ಮ ಬಾಯಲ್ಲಿದೆ. ಆಟೋ ಹತ್ತಿಸುವಾಗಲೇ ಹೇಳಿರುತ್ತೇವೆ: ‘ನೋಡಿ, ಅವು ದೊಡ್ಡ ಶಾಲೆಗಳು, ಕೋಚಿಂಗ್ ಇರೋವು. ನಮ್ಮದು ಕನ್ನಡ ಶಾಲೆ. ಭಾಗವಹಿಸಿದರೆ ಸಾಕು.’ ಸೋತರೆ ನೋವಾಗದಿರಲಿ ಅಂತ ಒಳ್ಳೆಯ ಮನಸ್ಸಿನಿಂದಲೇ ಹೇಳುವುದು. ಅಮೆರಿಕದಲ್ಲಿ ಜೆಫ್ ಸ್ಟೋನ್ ಮತ್ತು ಸಂಗಡಿಗರು 1999ರಲ್ಲಿ ಕರಿಯ, ಬಿಳಿಯ ವಿದ್ಯಾರ್ಥಿಗಳಿಗೆ ಒಂದೇ ಗಾಲ್ಫ್ ಆಟ ಆಡಿಸಿದರು. ‘ಇದು ಆಟದ ಬುದ್ಧಿವಂತಿಕೆಯ ಪರೀಕ್ಷೆ’ ಅಂದಾಗ ಕರಿಯ ವಿದ್ಯಾರ್ಥಿಗಳ ಆಟ ಕೆಟ್ಟಿತು. ‘ಇದು ಹುಟ್ಟಿನಿಂದ ಬಂದ ಮೈಶಕ್ತಿಯ ಪರೀಕ್ಷೆ’ ಅಂದಾಗ ಬಿಳಿಯರ ಆಟ ಕೆಟ್ಟಿತು. ಚೆಂಡೂ ಅದೇ, ಕೋಲೂ ಅದೇ. ನಿನ್ನಂಥವರಿಗೆ ಇದು ಬರುವುದಿಲ್ಲವಂತೆ ಎಂಬ ಗುಮಾನಿ ಕಿವಿಗೆ ಬಿದ್ದರೆ ಸಾಕಾಗಿತ್ತು. ಹಾಗಿದ್ದರೆ ‘ನಮ್ಮದು ಕನ್ನಡ ಶಾಲೆ’ ಎಂಬ ನಮ್ಮ ಸಮಾಧಾನದ ಮಾತು ಏನು ಕೆಲಸ ಮಾಡಿರಬಹುದು? ಕನ್ನಡ ಉಳಿಸಲು ಹೊರಟ ನಾವು, ಕನ್ನಡ ಅಂದರೆ ಸೋಲುವುದಕ್ಕೆ ಸಿಗುವ ರಿಯಾಯಿತಿ ಅಂತ ಮಕ್ಕಳಿಗೆ ಹೇಳಿಕೊಟ್ಟುಬಿಟ್ಟೆವೇ?

ಒಂದು ಸಲ ಹತ್ತು ಹದಿನೈದು ಮಕ್ಕಳನ್ನು ಅನಂತಪುರಕ್ಕೆ ಕರೆದುಕೊಂಡು ಹೋಗಿದ್ದೆವು. ವಿಸೆಂಟ್ ಫೆರರ್ ಅವರು ಕಟ್ಟಿದ ಆರ್‌ಡಿಟಿಯವರ ಕ್ರೀಡಾಗ್ರಾಮ ನೋಡಲು. 2024ರ ಸೆಪ್ಟೆಂಬರ್‌ನಲ್ಲಿ ದುಲೀಪ್ ಟ್ರೋಫಿ ಆಡಿಸಿದ ಮೈದಾನ ಅಲ್ಲಿದೆ. ಅನಂತಪುರದಲ್ಲೇ ರಫೆಲ್ ನಡಾಲ್ ಪ್ರತಿಷ್ಠಾನ 2010ರಲ್ಲಿ ತೆರೆದ ಟೆನಿಸ್ ಶಾಲೆ ಇದೆ. ಬಡ ಮಕ್ಕಳಿಗೆ ಟೆನಿಸ್ಸಿನ ಜೊತೆ ಇಂಗ್ಲಿಷು, ಕಂಪ್ಯೂಟರು. ನಮಗೆ ಹುಲ್ಲಿನ ಹಸಿರು ನೋಡಿ ಹೊಟ್ಟೆಕಿಚ್ಚಾಯ್ತು, ಒಪ್ಪಿಕೊಳ್ಳುತ್ತೇವೆ. ಆದರೆ ವಾಪಸು ಬರುವಾಗ ಬಸ್ಸಿನಲ್ಲಿ ಆರನೇ ತರಗತಿಯ ಹುಡುಗಿಯೊಬ್ಬಳು ಕೇಳಿದ್ದು ಹುಲ್ಲಿನ ಬಗ್ಗೆ ಅಲ್ಲ. ‘ಅಲ್ಲಿ ಚೆಂಡು ಮಿಸ್ಸಾದ್ರೂ ಯಾರೂ ಬೈಯ್ಲಿಲ್ಲ, ಅಲ್ವಾ ಮಿಸ್?’ ಅಂದಳು. ಹುಲ್ಲಿಗೆ ದುಡ್ಡು ಬೇಕು ಸ್ವಾಮಿ. ಬೈಯದಿರಲು?

ಹೋದ ತಿಂಗಳು ಸಿಬ್ಬಂದಿ ಸಭೆಯಲ್ಲಿ ಈ ಮಾತನ್ನೆಲ್ಲ ಎತ್ತಿದೆವು. ಕಾವೇರಿದ ಚರ್ಚೆ. ತಡವಾಗಿ ಬಂದವರು ಇನ್ನು ಮುಂದೆ ಓಡುವುದಿಲ್ಲ. ಯಾಕೆ ತಡ ಅಂತ ಕೇಳಿ, ದಾಖಲೆ ಪುಸ್ತಕದಲ್ಲಿ ಬರೆದು, ವಾರಕ್ಕೊಮ್ಮೆ ಮನೆಯವರೊಂದಿಗೆ ಮಾತಾಡುವುದು. ಬಸ್ಕಿ, ಕಪ್ಪೆಜಿಗಿತ ಪೂರ್ತಿ ಬಂದ್. ಕೊನೆಯ ಪೀರಿಯಡ್ಡು ಮಾರ್ಚಿನವರೆಗೂ ಆಟಕ್ಕೇ, ಹತ್ತನೇ ತರಗತಿಗೂ. ತಂಡ ಆರಿಸುವುದಕ್ಕೆ ನಾಯಕರು ಬೇಡ, ಚೀಟಿ ಎತ್ತುವುದು. ಎಂಟು ಒಂಬತ್ತನೆಯ ಹುಡುಗಿಯರಿಗೆ ವಾರಕ್ಕೆರಡು ದಿನ ಬಯಲು ಅವರದೇ, ಆ ಹೊತ್ತಿನಲ್ಲಿ ರಸ್ತೆಯ ಕಡೆ ನಮ್ಮಲ್ಲೊಬ್ಬರು ನಿಲ್ಲುವುದು. ನಿರ್ಣಯ ಪುಸ್ತಕದಲ್ಲಿ ಬರೆದು ಸಹಿಗೆ ಕಳಿಸಿದೆವು. ಎಲ್ಲರೂ ಹಾಕಿದ್ದಾರೆ, ಆ ಹರಿಯಾಣದ ಸಹೋದ್ಯೋಗಿ ಒಬ್ಬರನ್ನು ಬಿಟ್ಟು. ಅರ್ಧವಾರ್ಷಿಕ ಫಲಿತಾಂಶ ನೋಡಿ ಹಾಕುತ್ತೇನೆ ಅಂದಿದ್ದಾರೆ. ಅವರ ಜಾಗ ಖಾಲಿ ಬಿಟ್ಟಿದ್ದೇವೆ.